ಗಂಗಾಮೂಲದಿಂದ ಕೇಡಗಾಂವಕ್ಕೆ: ಪಂಡಿತಾ ರಮಾಬಾಯಿಯವರ ಬದುಕು

ಸೋಲಾಪುರದಿಂದ ಪುಣೆಗೆ ಸಾಗುವ ರೈಲುಮಾರ್ಗದಲ್ಲಿ ದೌಂಡ್ ದಾಟಿದ ಮೇಲೆ ಕೇಡಗಾಂವ ಎಂಬ ನಿಲ್ದಾಣ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಬರಗಾಲದ ಬೀದಿಗಳಿಂದ ಕರೆತಂದ ನೂರಾರು ಹೆಣ್ಣುಮಕ್ಕಳಿಗೆ ಅಲ್ಲಿ ಒಂದು ನೆಲೆ ನಿರ್ಮಾಣವಾಯಿತು. ಅದಕ್ಕೆ ಮುಕ್ತಿ ಎಂದು ಹೆಸರು. ಅದನ್ನು ಕಟ್ಟಿದ ಪಂಡಿತಾ ರಮಾಬಾಯಿಯವರು ಹುಟ್ಟಿದ್ದು ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ಮರಾಠಿ ಸಾಹಿತ್ಯ ಚರಿತ್ರೆ ಅವರನ್ನು ಸಮಾಜ ಸುಧಾರಕಿಯೆಂದು ನೆನೆಯುತ್ತದೆ. ಅವರು ಕ್ರೈಸ್ತರಾದ ಸಂಗತಿಯನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತದೆ. ಕ್ರೈಸ್ತ ಸಭೆಯ ಚರಿತ್ರೆ ಅವರನ್ನು ಭಕ್ತೆಯೆಂದು ಕೊಂಡಾಡುತ್ತದೆ. ಸಭೆಯ ಗುರುಗಳೊಡನೆ ಅವರು ನಡೆಸಿದ ದೀರ್ಘ ವಾದವನ್ನು ತಗ್ಗಿದ ದನಿಯಲ್ಲಿ ಹೇಳುತ್ತದೆ. ಈ ಎರಡು ಅರ್ಧಗಳನ್ನು ಜೋಡಿಸಿ ನೋಡಿದಾಗ ಮಾತ್ರ ಅವರ ಬದುಕಿನ ಮುಖ್ಯ ಪ್ರಶ್ನೆ ಕಾಣಿಸುತ್ತದೆ. ಒಂದು ಧರ್ಮವನ್ನು ಮನಸಾರೆ ಒಪ್ಪಿದವರು ಆ ಧರ್ಮದ ಅಧಿಕಾರಿಗಳಿಗೂ ತಮ್ಮ ಅಂತಃಸಾಕ್ಷಿಯನ್ನು ಒಪ್ಪಿಸಲೇಬೇಕೇ ಎಂಬುದೇ ಆ ಪ್ರಶ್ನೆ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ. ಕಾರ್ಕಳದ ಸಮೀಪದ ಮಾಳದ ಕಡೆಯ ಚಿತ್ಪಾವನ ಬ್ರಾಹ್ಮಣ ಮನೆತನ ಅವರದು. ಮನೆಯ ಮಾತು ಮರಾಠಿ, ಸುತ್ತಲಿನ ಮಾತು ಕನ್ನಡ ಮತ್ತು ತುಳು, ಓದಿನ ಮಾತು ಸಂಸ್ಕೃತ. ಅನಂತಶಾಸ್ತ್ರಿಗಳು ಯೌವನದಲ್ಲಿ ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿ ಸಾಠೆ ಎಂಬ ವಿದ್ವಾಂಸರ ಬಳಿ ಅಧ್ಯಯನ ಮಾಡಿದರು. ಆ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿಯೊಬ್ಬಳಿಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಹೆಣ್ಣೊಬ್ಬಳ ಬಾಯಲ್ಲಿ ಸಂಸ್ಕೃತ ಶ್ಲೋಕಗಳನ್ನು ಕೇಳಿದ ಶಿಷ್ಯನಿಗೆ ಆಶ್ಚರ್ಯವಾಯಿತು. ತನ್ನ ಹೆಂಡತಿಗೂ ಕಲಿಸಬೇಕೆಂಬ ಸಂಕಲ್ಪ ಹುಟ್ಟಿತು. ಮೊದಲ ಹೆಂಡತಿಗೂ ಮನೆಯ ಹಿರಿಯರಿಗೂ ಅದು ಹಿಡಿಸಲಿಲ್ಲ. ಆಕೆ ತೀರಿಕೊಂಡ ಮೇಲೆ ಕೈಹಿಡಿದ ಲಕ್ಷ್ಮೀಬಾಯಿ ಎಳೆಯ ವಯಸ್ಸಿನ ಹುಡುಗಿ, ಆಕೆ ಕಲಿತಳು. ಹೆಂಗಸಿಗೆ ದೇವಭಾಷೆ ಕಲಿಸಿದ ಅಪರಾಧಕ್ಕಾಗಿ ಅನಂತಶಾಸ್ತ್ರಿಗಳು ಉಡುಪಿಯ ವಿದ್ವಾಂಸರ ಮುಂದೆ ನಿಂತು ಉತ್ತರ ಹೇಳಬೇಕಾಯಿತೆಂದು ಚರಿತ್ರಕಾರರು ಹೇಳುತ್ತಾರೆ. ಅವರು ಶಾಸ್ತ್ರಗಳ ಆಧಾರದಿಂದಲೇ ವಾದಿಸಿದರು. ವೇದವನ್ನು ಬಿಟ್ಟು ಉಳಿದುದನ್ನು ಸ್ತ್ರೀಯರಿಗೆ ಕಲಿಸಬಹುದೆಂಬುದು ಅವರ ನಿಲುವು. ಆದರೂ ಊರಿನ ನಡುವೆ ಬಾಳುವುದು ಕಷ್ಟವೆನಿಸಿ, ಹೆಂಡತಿಯೊಡನೆ ಘಟ್ಟದ ಮೇಲಿನ ಗಂಗಾಮೂಲಕ್ಕೆ ಹೋಗಿ ಅಲ್ಲಿ ಆಶ್ರಮದಂಥ ಪಾಠಶಾಲೆಯೊಂದನ್ನು ನಡೆಸಿದರು.

ಅಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದಳು. ಶಿಷ್ಯರಿಗೂ ಯಾತ್ರಿಕರಿಗೂ ಅನ್ನವಿಕ್ಕಿ ಮನೆ ಸಾಲದಲ್ಲಿ ಮುಳುಗಿತ್ತು. ಮಗು ಆರು ತಿಂಗಳಾಗುವಷ್ಟರಲ್ಲಿ ಕುಟುಂಬ ಕಾಡನ್ನು ತೊರೆದು ತೀರ್ಥಯಾತ್ರೆಗೆ ಹೊರಟಿತು. ಆ ಯಾತ್ರೆ ಹಲವು ವರ್ಷಗಳವರೆಗೆ ಮುಗಿಯಲೇ ಇಲ್ಲ. ದೇವಾಲಯದ ಪೌಳಿಯಲ್ಲಿ, ನದಿಯ ಘಟ್ಟದಲ್ಲಿ ಕುಳಿತು ಪುರಾಣ ಹೇಳುವುದು, ಕೇಳಿದವರು ಕೊಟ್ಟ ಅಕ್ಕಿ, ಹಣ್ಣು, ದಕ್ಷಿಣೆಯಿಂದ ಬದುಕುವುದು: ಇದೇ ಅವರ ವೃತ್ತಿ. ತಂದೆಗೆ ವಯಸ್ಸಾಗಿದ್ದುದರಿಂದ ಮಗಳಿಗೆ ಪಾಠ ಹೇಳಿದವಳು ತಾಯಿ. ಬೆಳಗಿನ ಜಾವ, ಮನೆಗೆಲಸ ಆರಂಭವಾಗುವ ಮುನ್ನ, ನಿದ್ದೆಗಣ್ಣಿನ ಮಗುವನ್ನು ಎಬ್ಬಿಸಿ ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದಳು. ಹದಿಹರೆಯಕ್ಕೆ ಬರುವಷ್ಟರಲ್ಲಿ ರಮಾ ಭಾಗವತದ ಸಾವಿರಾರು ಶ್ಲೋಕಗಳನ್ನು ಕಂಠಗತ ಮಾಡಿಕೊಂಡು ಪುರಾಣಿಕಳಾಗಿದ್ದಳು. ಊರೂರು ಸುತ್ತಿದ್ದರಿಂದ ಕನ್ನಡ, ಹಿಂದಿ ಮೊದಲಾದ ಭಾಷೆಗಳೂ ಕಿವಿಯ ಮೂಲಕವೇ ಬಂದವು. ಅಕ್ಕ ಕೃಷ್ಣಾಬಾಯಿಯ ಬಾಲ್ಯವಿವಾಹ ದುಃಖದಲ್ಲಿ ಕೊನೆಗೊಂಡಿದ್ದರಿಂದ ಕಿರಿಯವಳಿಗೆ ಮದುವೆ ಮಾಡುವ ಆತುರವನ್ನು ತಂದೆತಾಯಿ ತೋರಲಿಲ್ಲ.

1870ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ಬರ ಬಿತ್ತು. ಪುರಾಣ ಕೇಳುವವರ ಮನೆಯಲ್ಲೇ ಕಾಳಿಲ್ಲದಿರುವಾಗ ಹೇಳುವವರಿಗೆ ಕೊಡುವವರಾರು? ಕೈಯಲ್ಲಿದ್ದ ಹಣವನ್ನು ದಾನಧರ್ಮಗಳಿಗೆ, ವ್ರತಗಳಿಗೆ ವ್ಯಯಮಾಡಿದ ಕುಟುಂಬ, ದೇವರು ಕೈಬಿಡನೆಂಬ ನಂಬಿಕೆಯಲ್ಲಿ ಉಪವಾಸ ಬಿದ್ದಿತು. ದುಡಿಮೆ ಕಲಿತಿರಲಿಲ್ಲ, ಭಿಕ್ಷೆ ಬೇಡಲು ಮನಸ್ಸು ಒಪ್ಪಲಿಲ್ಲ. ಮೊದಲು ತಂದೆ ತೀರಿಕೊಂಡರು. ಉಳಿದವರು ರಾಯಚೂರಿಗೆ ಬಂದರು. ಅಲ್ಲಿ ತಾಯಿ ಹಾಸಿಗೆ ಹಿಡಿದಳು. ತಾಯಿಯ ಬಾಯಿಗೆ ಒಂದು ತುಂಡು ಸಜ್ಜೆರೊಟ್ಟಿ ಬೇಡಲು ನೆರೆಮನೆಯ ಬಾಗಿಲಲ್ಲಿ ನಿಂತಾಗ ತನ್ನ ನಾಲಿಗೆ ಹೊರಳಲಿಲ್ಲವೆಂಬುದನ್ನು ರಮಾಬಾಯಿಯವರು ಮುಂದೆ ತಮ್ಮ ಆತ್ಮನಿವೇದನೆಯಲ್ಲಿ ಬರೆದಿದ್ದಾರೆ. ತಾಯಿಯ ನಂತರ ಅಕ್ಕನೂ ಹೋದಳು. ಅಣ್ಣ ಶ್ರೀನಿವಾಸ ಮತ್ತು ರಮಾ ಇಬ್ಬರೇ ಉಳಿದರು. ಹಸಿವಿನಿಂದ ಸಾಯುವುದು ಹೇಗಿರುತ್ತದೆಂಬುದನ್ನು ಅವರು ಗ್ರಂಥದಿಂದ ಕಲಿಯಲಿಲ್ಲ. ಇಪ್ಪತ್ತು ವರ್ಷಗಳ ನಂತರ ಮಧ್ಯಪ್ರಾಂತದ ಬರದಲ್ಲಿ ಅವರು ಮಾಡಿದ ಕೆಲಸದ ಬೇರು ಇಲ್ಲಿದೆ.

ಅಣ್ಣತಂಗಿ ಕಾಲ್ನಡಿಗೆಯಲ್ಲಿ ಉತ್ತರ ಭಾರತವನ್ನು ಸುತ್ತಿ ಕಾಶ್ಮೀರದವರೆಗೂ ಹೋಗಿ, 1878ರಲ್ಲಿ ಕಲ್ಕತ್ತೆಯನ್ನು ತಲುಪಿದರು. ಇಪ್ಪತ್ತು ವರ್ಷದ ಅವಿವಾಹಿತ ಯುವತಿ ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತನಾಡುವುದನ್ನು ಕಂಡು ಅಲ್ಲಿನ ವಿದ್ವಾಂಸರು ಬೆರಗಾದರು. ಪರೀಕ್ಷಿಸಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. ಬ್ರಾಹ್ಮಸಮಾಜದ ನಾಯಕ ಕೇಶವಚಂದ್ರ ಸೇನರು ವೇದವನ್ನು ಓದಿದ್ದೀರಾ ಎಂದು ವಿಚಾರಿಸಿ, ಗ್ರಂಥವನ್ನು ಕೈಗೆ ಕೊಟ್ಟರು. ತಂದೆ ದಾಟದಿದ್ದ ಗೆರೆಯನ್ನು ಮಗಳು ಹೀಗೆ ದಾಟಿದಳು. ಸ್ತ್ರೀಯರಿಗೆ ಉಪನ್ಯಾಸ ಮಾಡಲೆಂದು ಧರ್ಮಶಾಸ್ತ್ರಗಳನ್ನು ಓದತೊಡಗಿದಾಗ ಅವರಿಗೆ ಒಂದು ಸಂಗತಿ ಹೊಳೆಯಿತು. ಉಳಿದ ಎಲ್ಲ ವಿಷಯಗಳಲ್ಲಿ ಒಂದನ್ನೊಂದು ಒಪ್ಪದ ಶಾಸ್ತ್ರಗಳು, ಹೆಂಗಸು ಸ್ವಭಾವತಃ ನಂಬಿಕೆಗೆ ಅರ್ಹಳಲ್ಲ, ಹೆಂಗಸಿಗೂ ಶೂದ್ರನಿಗೂ ನೇರವಾಗಿ ಮೋಕ್ಷವಿಲ್ಲ ಎನ್ನುವಲ್ಲಿ ಮಾತ್ರ ಒಂದಾಗಿವೆ ಎಂಬುದು ಅವರ ತೀರ್ಮಾನವಾಯಿತು. ಈ ತೀರ್ಮಾನವನ್ನು ಒಪ್ಪುವುದೂ ಬಿಡುವುದೂ ಓದುಗರಿಗೆ ಸೇರಿದ್ದು. ಆದರೆ ಅದು ಪರರ ಪ್ರಚಾರದಿಂದ ಬಂದುದಲ್ಲ, ಮೂಲಗ್ರಂಥಗಳನ್ನು ಓದಬಲ್ಲ ಹೆಣ್ಣೊಬ್ಬಳ ಸ್ವಂತ ಓದಿನಿಂದ ಬಂದುದು ಎಂಬುದನ್ನು ಮರೆಯಬಾರದು.

1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ನವೆಂಬರಿನಲ್ಲಿ ರಮಾಬಾಯಿಯವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ನೋಂದಣಿ ಕಾಯಿದೆಯ ಪ್ರಕಾರ ಮದುವೆಯಾದರು. ವರ ಬ್ರಾಹ್ಮಣನಲ್ಲ, ಜಾತಿ, ಪ್ರಾಂತ, ಭಾಷೆ ಮೂರನ್ನೂ ಮೀರಿದ ವಿವಾಹ ಅದು. ಅಸ್ಸಾಮಿನ ಸಿಲ್ಚರಿನಲ್ಲಿ ಸಂಸಾರ ಹೂಡಿದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. ಅಲ್ಲಿಯೇ ಮನೆಯ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಸಣ್ಣ ಪ್ರತಿಯೊಂದು ಅವರ ಕೈಗೆ ಸಿಕ್ಕಿತು. ಬ್ಯಾಪ್ಟಿಸ್ಟ್ ಮಿಷನರಿಯೊಬ್ಬರು ಅದರ ಕತೆಗಳನ್ನು ವಿವರಿಸಿದರು; ರಮಾಬಾಯಿಯವರಿಗೆ ಆಸಕ್ತಿ ಮೂಡಿತು, ಗಂಡನಿಗೆ ಅದು ರುಚಿಸಲಿಲ್ಲ. 1882ರ ಫೆಬ್ರುವರಿಯಲ್ಲಿ ಕಾಲರಾ ಬಿಪಿನ್ ಬಿಹಾರಿಯವರನ್ನು ಕೊಂಡೊಯ್ದಿತು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ವಿಧವೆಯಾದ ರಮಾಬಾಯಿ ಹಸುಗೂಸಿನೊಡನೆ ಮಹಾರಾಷ್ಟ್ರಕ್ಕೆ ಬಂದರು.

ಪುಣೆಯ ಸುಧಾರಕರು ಅವರನ್ನು ಸಂಭ್ರಮದಿಂದ ಬರಮಾಡಿಕೊಂಡರು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ವಲಯದ ಬೆಂಬಲದಿಂದ ಆರ್ಯ ಮಹಿಳಾ ಸಮಾಜ ಸ್ಥಾಪನೆಯಾಯಿತು. ಅದೇ ವರ್ಷ ಅವರ ಮೊದಲ ಮರಾಠಿ ಕೃತಿ ‘ಸ್ತ್ರೀಧರ್ಮನೀತಿ’ ಪ್ರಕಟವಾಯಿತು. ಹಂಟರ್ ಶಿಕ್ಷಣ ಆಯೋಗದ ಮುಂದೆ ಅವರು ಮರಾಠಿಯಲ್ಲೇ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳ ಶಾಲೆಗಳಿಗೆ ಶಿಕ್ಷಕಿಯರು ಬೇಕು, ಪರಪುರುಷ ವೈದ್ಯರಿಗೆ ರೋಗ ಹೇಳಲಾರದೆ ಸಾಯುವ ಸ್ತ್ರೀಯರಿಗಾಗಿ ಸ್ತ್ರೀ ವೈದ್ಯರು ಬೇಕು ಎಂದು ವಾದಿಸಿದರು. ತಾವೇ ವೈದ್ಯಕೀಯ ಕಲಿಯಬೇಕೆಂಬ ಆಸೆಯಿಂದ, ಪುಸ್ತಕದ ಮಾರಾಟದಿಂದ ಬಂದ ಹಣವನ್ನು ನೆಚ್ಚಿ, 1883ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿಯ ದೋಷದಿಂದಾಗಿ ವೈದ್ಯಕೀಯ ಶಿಕ್ಷಣದ ಕನಸು ಅಲ್ಲಿ ಮುರಿದುಬಿತ್ತು.

ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಅವರು ಉಳಿದುಕೊಂಡರು. ಆ ಸನ್ಯಾಸಿನಿಯರು ಲಂಡನ್ನಿನ ಫುಲ್ಹಮ್‌ನಲ್ಲಿ, ಸಮಾಜ ಪತಿತೆಯರೆಂದು ಹೊರಹಾಕಿದ ಹೆಂಗಸರಿಗಾಗಿ ಒಂದು ಆಶ್ರಯಧಾಮ ನಡೆಸುತ್ತಿದ್ದರು. ತಪ್ಪಿದ ಹೆಣ್ಣನ್ನು ಶಿಕ್ಷಿಸುವ ಶಾಸ್ತ್ರಗಳನ್ನು ಓದಿದ್ದ ರಮಾಬಾಯಿಯವರಿಗೆ, ಅಂಥವಳನ್ನು ಪ್ರೀತಿಯಿಂದ ಮತ್ತೆ ಎತ್ತಿ ನಿಲ್ಲಿಸುವ ಕೆಲಸವನ್ನು ಕಣ್ಣಾರೆ ಕಂಡದ್ದು ಹೊಸ ಅನುಭವ. ಇದರ ಮೂಲ ಎಲ್ಲಿದೆ ಎಂದು ಕೇಳಿದಾಗ, ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತನಾಡಿದ ಸುವಾರ್ತೆಯ ಪ್ರಸಂಗವನ್ನು ತೋರಿಸಿದರು. ಬುದ್ಧಿಯ ಸಂದೇಹಗಳಿಗೆ ಉತ್ತರ ಕೊಟ್ಟವರು ನೆಹೆಮಿಯಾ ಗೋರೆ. ಅವರೂ ಹುಟ್ಟಿನಿಂದ ಚಿತ್ಪಾವನರು, ಕಾಶಿಯ ನೀಲಕಂಠಶಾಸ್ತ್ರಿ ಕ್ರೈಸ್ತ ಗುರುವಾದವರು. 1883ರ ಸೆಪ್ಟೆಂಬರ್ 29ರಂದು ರಮಾಬಾಯಿಯವರು ಮಗಳೊಡನೆ ದೀಕ್ಷಾಸ್ನಾನ ಪಡೆದರು. ಸುದ್ದಿ ತಲುಪಿದಾಗ ಪುಣೆ ಸಿಡಿಮಿಡಿಗೊಂಡಿತು. ಅವರ ಪರವಾಗಿ ಲೇಖನಿ ಎತ್ತಿದವರಲ್ಲಿ ಪ್ರಮುಖರು ಮಹಾತ್ಮ ಜ್ಯೋತಿಬಾ ಫುಲೆ. 1885ರ ‘ಸತ್ಸಾರ’ದಲ್ಲಿ ಅವರು ರಮಾಬಾಯಿಯವರ ನಿರ್ಧಾರವನ್ನು ಸಮರ್ಥಿಸಿದರು.

ಮತಾಂತರದೊಡನೆ ಕತೆ ಮುಗಿಯಲಿಲ್ಲ. ರಮಾಬಾಯಿಯವರ ನಿಜವಾದ ಧಾರ್ಮಿಕ ಸಂಘರ್ಷ ಆರಂಭವಾದದ್ದೇ ಆಮೇಲೆ. ಅವರು ಚೆಲ್ಟನ್‌ಹಮ್‌ನ ಮಹಿಳಾ ಕಾಲೇಜಿಗೆ ಸೇರಿ ತಾವು ಕಲಿಯುತ್ತ, ಸಂಸ್ಕೃತವನ್ನು ಕಲಿಸುತ್ತಲೂ ಇದ್ದರು. ತರುಣರಿಗೂ ಪಾಠ ಹೇಳುವ ಪ್ರಸ್ತಾಪ ಬಂದಾಗ ಮುಂಬಯಿ ಮತ್ತು ಲಾಹೋರಿನ ಬಿಷಪ್ಪರು ಅಡ್ಡ ಬಂದರು. ಹೆಂಗಸು ಗಂಡಸರಿಗೆ ಕಲಿಸಿದರೆ ಭಾರತದಲ್ಲಿ ಅವಳ ಗೌರವ ಕುಂದುತ್ತದೆಂಬುದು ಅವರ ಕಾರಣ. ಭಾರತದ ಊರೂರುಗಳಲ್ಲಿ ಗಂಡಸರ ಸಭೆಗಳ ಮುಂದೆ ಪುರಾಣ ಹೇಳಿ ಬಂದಿದ್ದವರಿಗೆ, ತಮ್ಮ ದೇಶದ ರೂಢಿಯನ್ನು ಇಂಗ್ಲಿಷ್ ಬಿಷಪ್ಪರು ಬೋಧಿಸಿದ್ದು ವಿಚಿತ್ರವೆನಿಸಿರಬೇಕು. ಅವರು ನೇರವಾಗಿಯೇ ಪ್ರತಿಭಟಿಸಿದರು. ಮುಂದೆ ತ್ರೈಕ್ಯದ ಸಿದ್ಧಾಂತ, ಕನ್ನಿಕೆಯಿಂದ ಕ್ರಿಸ್ತನ ಜನನ, ಸಭೆಯ ಅಧಿಕಾರ ಎಂಬ ವಿಷಯಗಳ ಮೇಲೆ ಸಿಸ್ಟರ್ ಜೆರಾಲ್ಡಿನ್ ಹಾಗೂ ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಅವರೊಡನೆ ಪತ್ರಗಳ ಮೂಲಕ ದೀರ್ಘ ಚರ್ಚೆ ನಡೆಯಿತು. ಭಾರತದ ಪುರೋಹಿತವರ್ಗದ ನೊಗವನ್ನು ಬಹಳ ಕಷ್ಟದಿಂದ ಕಳಚಿಕೊಂಡು ಬಂದ ತಾನು, ಇನ್ನೊಂದು ಪುರೋಹಿತವರ್ಗದ ನೊಗಕ್ಕೆ ಕತ್ತೊಡ್ಡಲಾರೆ ಎಂಬುದು ಅವರ ವಾದದ ಸಾರ. ಇಂಗ್ಲೆಂಡಿನ ಕ್ರೈಸ್ತರಲ್ಲೇ ಅಷ್ಟೊಂದು ಪಂಗಡಗಳಿರುವಾಗ, ಆ ದೇಶದ ಚರಿತ್ರೆಯಿಂದ ಹುಟ್ಟಿದ ಒಡಕುಗಳನ್ನು ಭಾರತೀಯ ಕ್ರೈಸ್ತರು ಏಕೆ ಆನುವಂಶಿಕವಾಗಿ ಪಡೆಯಬೇಕು ಎಂದೂ ಕೇಳಿದರು.

ಈ ಚರ್ಚೆಯ ಒಂದು ಸಣ್ಣ ಪ್ರಸಂಗ ಭಾಷೆಯ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಮುಖ್ಯ. ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳು ಇದ್ದುದಕ್ಕೆ ರಮಾಬಾಯಿಯವರು ಆಕ್ಷೇಪಿಸಿದರು. ಲ್ಯಾಟಿನ್ ತಮಗೆ ತಿಳಿಯದ ಭಾಷೆ, ಅದು ಸಂಸ್ಕೃತಕ್ಕಿಂತ ಪವಿತ್ರವೂ ಅಲ್ಲ. ಭಾರತೀಯಳೊಬ್ಬಳು ಶಿಲುಬೆ ಧರಿಸುವುದಾದರೆ ಅದರ ಮೇಲೆ ಸಂಸ್ಕೃತದ ನುಡಿ ಏಕಿರಬಾರದು ಎಂದರು. ಮಾಂಸಾಹಾರವನ್ನೂ ಅವರು ಒಪ್ಪಲಿಲ್ಲ. ಕೊನೆಯವರೆಗೂ ಸಸ್ಯಾಹಾರಿಯಾಗಿಯೇ ಉಳಿದರು. ಮಠದ ಸಜ್ಜನೆಯರಿಗೆ ಇದು ಜಾತಿಯ ಅಹಂಕಾರದ ಉಳಿಕೆಯಾಗಿ ಕಂಡಿತು. ಅದರಲ್ಲಿ ಸ್ವಲ್ಪ ನಿಜವೂ ಇದ್ದೀತು. ಸಂಸ್ಕೃತವು ಭಾರತೀಯರೆಲ್ಲರ ಮಾತಲ್ಲವೆಂಬುದನ್ನು ಆಗ ಅವರು ಯೋಚಿಸಿದಂತೆ ತೋರುವುದಿಲ್ಲ. ಆದರೆ ಪ್ರಶ್ನೆಯ ತಿರುಳು ಸ್ಪಷ್ಟ. ಯೇಸುವನ್ನು ನಂಬುವುದೆಂದರೆ ಇಂಗ್ಲೆಂಡಿನ ಊಟ, ಉಡುಗೆ, ಮಾತುಗಳನ್ನು ನಂಬುವುದಲ್ಲ ಎಂದು ಅವರು ಹೇಳುತ್ತಿದ್ದರು.

1886ರಲ್ಲಿ ಬಂಧು ಆನಂದಿಬಾಯಿ ಜೋಶಿಯವರು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆಯುವ ಸಮಾರಂಭಕ್ಕೆ ರಮಾಬಾಯಿಯವರು ಅಮೆರಿಕೆಗೆ ಹೋದರು. ಎರಡು ವರ್ಷಕ್ಕೂ ಮಿಕ್ಕಿ ಅಲ್ಲಿ ಸಂಚರಿಸಿದರು. ಇಂಗ್ಲಿಷ್ ಕಲಿತು ಹೆಚ್ಚು ಕಾಲವಾಗಿರದಿದ್ದರೂ, ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲೇ ಒಂದು ಗ್ರಂಥ ರಚಿಸಿ 1887ರಲ್ಲಿ ಪ್ರಕಟಿಸಿದರು. ಅದನ್ನು ತಮಗೆ ಅಕ್ಷರ ಕಲಿಸಿದ ತಾಯಿಯ ಸ್ಮರಣೆಗೆ ಅರ್ಪಿಸಿದರು. ಆ ಪುಸ್ತಕವೂ ಉಪನ್ಯಾಸಗಳೂ ಸಂಗ್ರಹಿಸಿಕೊಟ್ಟ ನೆರವಿನಿಂದ ಬಾಸ್ಟನ್ನಿನಲ್ಲಿ ರಮಾಬಾಯಿ ಸಂಘ ರೂಪುಗೊಂಡಿತು. ಭಾರತದಲ್ಲಿ ಬಾಲವಿಧವೆಯರಿಗಾಗಿ ಶಾಲೆಯೊಂದನ್ನು ಹತ್ತು ವರ್ಷ ನಡೆಸಲು ಆ ಸಂಘ ಹಣ ಕೊಡಲೊಪ್ಪಿತು. ಶಾಲೆಯಲ್ಲಿ ಯಾವ ಮತದ ಬೋಧನೆಯೂ ಇರಬಾರದೆಂಬುದು ಒಪ್ಪಂದ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಕ್ರೈಸ್ತಳಾದವಳು ತನ್ನ ಶಾಲೆಗೆ ವಿದ್ಯಾದೇವತೆಯ ಹೆಸರಿಟ್ಟದ್ದು ಗಮನಾರ್ಹ. ಅಲ್ಲಿಗೆ ಬಂದ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ. 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾಗಿ ಆನಂದಿಬಾಯಿ ಕರ್ವೆ ಎನಿಸಿದರು. ಶಾಲೆ 1890ರಲ್ಲಿ ಪುಣೆಗೆ ಸ್ಥಳಾಂತರಗೊಂಡಿತು. ಹುಡುಗಿಯರು ತಮ್ಮ ಜಾತಿಯ ಆಚಾರ, ವ್ರತ, ಅಡುಗೆಗಳನ್ನು ಇಟ್ಟುಕೊಳ್ಳಬಹುದಿತ್ತು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುತ್ತಿದ್ದರು. ಆದರೆ ಆ ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕುಳಿತರು. ಅಲ್ಲಿಂದ ವಿವಾದ ಆರಂಭವಾಯಿತು. ‘ಕೇಸರಿ’ ಪತ್ರಿಕೆ ಕಟುವಾಗಿ ಟೀಕಿಸಿತು. 1893ರಲ್ಲಿ ರಾನಡೆ, ರಾಮಕೃಷ್ಣ ಗೋಪಾಲ ಭಾಂಡಾರಕರ್ ಮೊದಲಾದ ಸಲಹಾ ಮಂಡಳಿಯ ಸದಸ್ಯರು ರಾಜೀನಾಮೆ ಕೊಟ್ಟರು; ಅನೇಕ ಪಾಲಕರು ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು.

ಈ ವಿವಾದದಲ್ಲಿ ಎರಡೂ ಕಡೆ ನ್ಯಾಯದ ಅಂಶವಿದೆ. ಮತಬೋಧನೆ ಇಲ್ಲವೆಂಬ ಭರವಸೆಯನ್ನು ನಂಬಿ ಬೆನ್ನಿಗೆ ನಿಂತ ಸುಧಾರಕರು, ಸನಾತನಿಗಳ ಕೋಪವನ್ನೂ ಎದುರಿಸುತ್ತಿದ್ದರು. ತಾವು ಮೋಸಹೋದೆವೆಂದು ಅವರಿಗೆ ಅನ್ನಿಸಿದ್ದು ಸಹಜ. ತಾಯಿಯಂತೆ ಸಾಕುವವಳ ನಂಬಿಕೆ, ಅನ್ಯಗತಿಯಿಲ್ಲದ ಮಕ್ಕಳ ಮೇಲೆ ಬೋಧನೆಯಿಲ್ಲದೆಯೂ ಪ್ರಭಾವ ಬೀರುತ್ತದೆ. ಇತ್ತ ರಮಾಬಾಯಿಯವರ ಪ್ರಶ್ನೆಯೂ ಗಟ್ಟಿಯಾದುದೇ. ತನ್ನ ಮನೆಯಲ್ಲಿ ತಾನು ಪ್ರಾರ್ಥಿಸುವಾಗ ಬಾಗಿಲು ಹಾಕಿಕೊಳ್ಳಬೇಕೇ? ಬಂದು ಕುಳಿತ ಹುಡುಗಿಗೆ ತನ್ನ ಮನಸ್ಸನ್ನು ತಾನೇ ನಿಶ್ಚಯಿಸುವ ಹಕ್ಕಿಲ್ಲವೇ? ಅವರು ಯಾರನ್ನೂ ಕರೆಯಲಿಲ್ಲ, ಯಾರನ್ನೂ ತಡೆಯಲೂ ಇಲ್ಲ ಎಂದು ವಾದಿಸಿದರು. ಅಮೆರಿಕದ ಸಂಘ ಅವರನ್ನೇ ಬೆಂಬಲಿಸಿತು. ಕರ್ವೆಯವರು 1896ರಲ್ಲಿ ಪುಣೆಯಲ್ಲಿ ಹಿಂದೂ ವಿಧವೆಯರಿಗಾಗಿ ಬೇರೆ ಆಶ್ರಮ ಕಟ್ಟಿದರು. ರಮಾಬಾಯಿಯವರ ಕೆಲಸದಿಂದ ಪಾಠ ಕಲಿತು, ಅವರ ದಾರಿಯನ್ನು ಬಿಟ್ಟು ಬೆಳೆದ ಕೆಲಸ ಅದು.

1896ರಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಬರ ಬಿತ್ತು. ರಮಾಬಾಯಿಯವರು ತಾವೇ ಅಲ್ಲಿಗೆ ಹೋದರು. ಹಸಿದ ಹೆಣ್ಣುಮಕ್ಕಳನ್ನು ಕೊಳ್ಳಲು ದಲ್ಲಾಳಿಗಳು ಸುಳಿದಾಡುತ್ತಿದ್ದ ಬರಪರಿಹಾರ ಶಿಬಿರಗಳನ್ನು ಕಂಡರು. ಕೆಲವೇ ತಿಂಗಳುಗಳಲ್ಲಿ ಸುಮಾರು 300 ಮಂದಿ ಹೆಂಗಸರನ್ನೂ ಮಕ್ಕಳನ್ನೂ ಕರೆತಂದರು. ಆಗಲೇ ಪುಣೆಗೆ ಪ್ಲೇಗು ಬಂದಿತ್ತು. ನಗರದಲ್ಲಿ ಹೊಸಬರನ್ನು ಇಟ್ಟುಕೊಳ್ಳಲು ಅನುಮತಿ ಸಿಗಲಿಲ್ಲ. ಶಾಲೆಯ ಖರ್ಚಿಗೆ ಹಣ್ಣಿನ ತೋಟ ಬೆಳೆಸಲೆಂದು ಕೇಡಗಾಂವದಲ್ಲಿ ಕೊಂಡಿದ್ದ ನೂರು ಎಕರೆ ಬಯಲು ಹೀಗೆ ನೆಲೆಯಾಯಿತು. ಪ್ಲೇಗ್ ಆಸ್ಪತ್ರೆಗಳಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲವೆಂದು 1897ರಲ್ಲಿ ಅವರು ಪತ್ರಿಕೆಗೆ ಬರೆದು ಸರ್ಕಾರದ ಕೋಪಕ್ಕೂ ಗುರಿಯಾದರು. ಕ್ರೈಸ್ತರಾದ ಕಾರಣಕ್ಕೆ ಆಳುವವರ ತಪ್ಪನ್ನು ಅವರು ಮುಚ್ಚಿಡಲಿಲ್ಲ. 1900ರ ಗುಜರಾತಿನ ಬರದ ನಂತರ ಮುಕ್ತಿಯಲ್ಲಿ ಇದ್ದವರ ಸಂಖ್ಯೆ ಸುಮಾರು 2000ಕ್ಕೆ ಏರಿತು.

ಎರಡು ಸಾವಿರ ಮಂದಿಯ ಊರೆಂದರೆ ನೀರು, ಕಾಳು, ಬಟ್ಟೆ, ಔಷಧಗಳ ಪ್ರಶ್ನೆ. ಬಾವಿ ತೋಡಿಸಿದರು, ಹೊಲ ಮಾಡಿಸಿದರು, ಹಸು ಸಾಕಿದರು. ನೇಯ್ಗೆ, ಹೊಲಿಗೆ, ಎಣ್ಣೆ ತೆಗೆಯುವುದು, ಅಚ್ಚುಮೊಳೆ ಜೋಡಿಸುವುದು ಇವೆಲ್ಲ ಹೆಣ್ಣುಮಕ್ಕಳ ಕೈಗೆ ಬಂದವು. ಕುರುಡರಿಗೆ ಬ್ರೈಲ್ ಲಿಪಿ ಕಲಿಸುವ ಏರ್ಪಾಡಾಯಿತು. ಸಮಾಜ ಕೆಟ್ಟವರೆಂದು ಕರೆದವರಿಗಾಗಿ ಕೃಪಾ ಸದನ ಎಂಬ ಬೇರೆ ವಿಭಾಗವಿತ್ತು. ಫುಲ್ಹಮ್‌ನಲ್ಲಿ ಕಂಡದ್ದು ಇಲ್ಲಿ ರೂಪು ಪಡೆಯಿತು. ದುಡಿಮೆ ತಿಳಿಯದ ಪಾಂಡಿತ್ಯ ತನ್ನ ತಂದೆತಾಯಿಯನ್ನು ಹಸಿವಿಗೆ ಬಲಿಕೊಟ್ಟಿತೆಂಬುದನ್ನು ಮರೆಯದವರು, ಓದಿನ ಜೊತೆಗೆ ಕೈಕಸುಬನ್ನು ಕಡ್ಡಾಯ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಮನೋರಮಾ ಬೆಳೆದು ತಾಯಿಯ ಬಲಗೈಯಾದಳು. 1912ರ ಸುಮಾರಿಗೆ, ಆಗ ನಿಜಾಮರ ಸೀಮೆಗೆ ಸೇರಿದ್ದ ಗುಲ್ಬರ್ಗದಲ್ಲಿ ಅವರು ಒಂದು ಶಾಲೆಯನ್ನು ತೆರೆದರು. ಅದರ ಹೊಣೆಯನ್ನು ಮನೋರಮಾ ಹೊತ್ತರು. ತಾಯಿಯನ್ನು ಹಸಿವಿಗೆ ಕಳೆದುಕೊಂಡ ರಾಯಚೂರು ಅಲ್ಲಿಂದ ದೂರವಲ್ಲ.

ಮುಕ್ತಿ ಬಹಿರಂಗವಾಗಿ ಕ್ರೈಸ್ತ ಸಂಸ್ಥೆಯಾಗಿತ್ತು. ಶಾರದಾ ಸದನದ ಕಾಲದ ಒಪ್ಪಂದ ಮುಗಿದಿತ್ತು. 1905ರಲ್ಲಿ ಅಲ್ಲಿ ಭಕ್ತಿಯ ಉಜ್ಜೀವನವೊಂದು ನಡೆದು ದೇಶವಿದೇಶಗಳಲ್ಲಿ ಸುದ್ದಿಯಾಯಿತು. ಬರದಲ್ಲಿ ಅನ್ನ ಕೊಟ್ಟವರ ಧರ್ಮವನ್ನು ಹಸಿದ ಮಗು ಒಪ್ಪಿದರೆ ಅದು ಎಷ್ಟರ ಮಟ್ಟಿಗೆ ಸ್ವತಂತ್ರ ಒಪ್ಪಿಗೆ ಎಂಬ ಟೀಕೆ ಅಂದೂ ಇತ್ತು, ಇಂದೂ ಇದೆ. ಅಂತಃಸಾಕ್ಷಿಯ ಸ್ವಾತಂತ್ರ್ಯಕ್ಕಾಗಿ ಬಿಷಪ್ಪರೊಡನೆ ವಾದಿಸಿದವರ ಬದುಕಿನಲ್ಲಿ ಈ ಪ್ರಶ್ನೆಯನ್ನು ಎತ್ತದಿರುವುದು ಅವರಿಗೇ ಅನ್ಯಾಯ. ಹಾಗೆಯೇ, ಆ ಮಕ್ಕಳನ್ನು ಬೀದಿಯಿಂದ ಎತ್ತಿಕೊಳ್ಳಲು ಆ ಹೊತ್ತಿನಲ್ಲಿ ಬೇರೆ ಎಷ್ಟು ಕೈಗಳು ಮುಂದೆ ಬಂದವೆಂಬ ಪ್ರಶ್ನೆಯನ್ನು ಎತ್ತದಿರುವುದೂ ಅನ್ಯಾಯವೇ. ರಮಾಬಾಯಿಯವರು ಮುಕ್ತಿಯನ್ನು ಯಾವ ಪಂಗಡದ ಆಡಳಿತಕ್ಕೂ ಒಪ್ಪಿಸಲಿಲ್ಲ. ನೆಲದ ಮೇಲೆ ಕುಳಿತು, ದೇಶೀಯ ಧಾಟಿಯ ಹಾಡುಗಳನ್ನು ಹಾಡುತ್ತ ನಡೆಯುತ್ತಿದ್ದ ಅಲ್ಲಿನ ಆರಾಧನೆ, ಇಂಗ್ಲೆಂಡಿನಲ್ಲಿ ಅವರು ಎತ್ತಿದ್ದ ಪ್ರಶ್ನೆಗೆ ಅವರದೇ ಉತ್ತರವಾಗಿತ್ತು.

ಕೊನೆಯ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಅವರನ್ನು ಹಿಡಿದಿಟ್ಟದ್ದು ಬೈಬಲಿನ ಮರಾಠಿ ಅನುವಾದ. ಆಗ ಬಳಕೆಯಲ್ಲಿದ್ದ ಮರಾಠಿ ಬೈಬಲಿನ ಸಂಸ್ಕೃತಭೂಯಿಷ್ಠ ಭಾಷೆ, ಮುಕ್ತಿಯಲ್ಲಿ ಆಗತಾನೆ ಅಕ್ಷರ ಕಲಿತ ಹಳ್ಳಿಯ ಹೆಂಗಸರಿಗೆ ಎಟುಕುತ್ತಿರಲಿಲ್ಲ. ರಮಾಬಾಯಿಯವರು ನಡುವಯಸ್ಸಿನಲ್ಲಿ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಮೂಲದಿಂದಲೇ ಸರಳ ಮರಾಠಿಗೆ ಅನುವಾದ ಮಾಡತೊಡಗಿದರು. ಮುಕ್ತಿಯ ಮುದ್ರಣಾಲಯದಲ್ಲಿ ಹೆಣ್ಣುಮಕ್ಕಳೇ ಅಚ್ಚುಮೊಳೆ ಜೋಡಿಸಿದರು, ಅಚ್ಚು ಹಾಕಿದರು. ಕನ್ನಡದ ವಿದ್ಯಾರ್ಥಿಗಳಿಗೆ 1894ರ ಕಿಟೆಲ್ ನಿಘಂಟು ಚಿರಪರಿಚಿತ; ಮಿಷನರಿಗಳು ದೇಶಭಾಷೆಗಳಿಗೆ ಸಲ್ಲಿಸಿದ ಸೇವೆಯನ್ನು ನಾವು ಅದರ ಮೂಲಕ ಅರಿಯುತ್ತೇವೆ. ಆದರೆ ಕಿಟೆಲ್ ಹೊರಗಿನಿಂದ ಬಂದು ಒಂದು ಭಾಷೆಯನ್ನು ಕಲಿತವರು. ರಮಾಬಾಯಿಯವರು ಹೊರಗಿನ ಭಾಷೆಗಳನ್ನು ಕಲಿತು ತಮ್ಮ ಮನೆಯ ಮಾತಿಗೆ ಮರಳಿದವರು. ಅವರ ಅನುವಾದ ಮೂಲಕ್ಕೆ ಅತಿಯಾಗಿ ಅಂಟಿಕೊಂಡು ಕೆಲವೆಡೆ ಬಿಗಿಯಾಗಿದೆ. ಸಭೆಗಳು ಹಳೆಯ ಆವೃತ್ತಿಯನ್ನೇ ಮುಂದುವರಿಸಿದವು. ಆದರೂ ಅದರ ಹಿಂದಿನ ನಿರ್ಧಾರ ದೊಡ್ಡದು. ಒಮ್ಮೆ ಶಿಲುಬೆಯ ಮೇಲೆ ಸಂಸ್ಕೃತವನ್ನು ಕೇಳಿದ್ದ ಪಂಡಿತೆ, ಕಡೆಗೆ ಸಂಸ್ಕೃತವನ್ನೂ ಬದಿಗಿಟ್ಟು ರೊಟ್ಟಿ ತಟ್ಟುವವಳ ಮರಾಠಿಯನ್ನು ಆರಿಸಿಕೊಂಡರು. ಅವರ ತಂದೆ ಒಬ್ಬ ಹೆಂಗಸನ್ನು ದೇವಭಾಷೆಯ ಬಳಿಗೆ ಕರೆದೊಯ್ದಿದ್ದರು. ಮಗಳು ದೇವರ ಮಾತನ್ನು ಸಾವಿರಾರು ಹೆಂಗಸರ ಭಾಷೆಯ ಬಳಿಗೆ ಕರೆತಂದರು.

1919ರಲ್ಲಿ ಸರ್ಕಾರ ಅವರಿಗೆ ಕೈಸರ್-ಇ-ಹಿಂದ್ ಚಿನ್ನದ ಪದಕವನ್ನು ನೀಡಿತು. 1921ರ ಜುಲೈಯಲ್ಲಿ, ಸಂಸ್ಥೆಯ ಭಾರವನ್ನು ಹೊರಬೇಕಾಗಿದ್ದ ಮನೋರಮಾ ನಲವತ್ತರ ವಯಸ್ಸಿನಲ್ಲಿ ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳೆದುಕೊಂಡಿದ್ದ ರಮಾಬಾಯಿಯವರಿಗೆ ಉಳಿದಿದ್ದ ಒಬ್ಬಳೇ ಮಗಳು ಅವಳು. ಅವರು ಅಚ್ಚಿನ ಕರಡುಗಳ ಬಳಿಗೆ ಮರಳಿದರು. ಬೈಬಲಿನ ಕೊನೆಯ ಕರಡನ್ನು ತಿದ್ದಿ ಮುಗಿಸಿದ ಬೆನ್ನಿಗೇ, 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿ ಅವರ ಉಸಿರು ನಿಂತಿತು. ಭಾರತ ಸರ್ಕಾರ 1989ರಲ್ಲಿ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಮುಕ್ತಿ ಇಂದೂ ನಡೆಯುತ್ತಿದೆ.

ಗಡಿನಾಡಿನಲ್ಲಿ ಎರಡು ಭಾಷೆಗಳ ನಡುವೆ ಓದುವ ವಿದ್ಯಾರ್ಥಿಗಳು ರಮಾಬಾಯಿಯವರನ್ನು ಕರ್ನಾಟಕದವರೋ ಮಹಾರಾಷ್ಟ್ರದವರೋ ಎಂದು ಹಂಚಿಕೊಳ್ಳುವ ಅಗತ್ಯವಿಲ್ಲ. ಅವರು ಹುಟ್ಟಿದ ನೆಲ ಒಂದು, ಬರೆದ ಭಾಷೆ ಇನ್ನೊಂದು, ನಂಬಿದ ಧರ್ಮ ಮತ್ತೊಂದು. ಈ ಮೂರರಲ್ಲಿ ಯಾವುದನ್ನೂ ಅವರು ಮತ್ತೊಂದಕ್ಕಾಗಿ ನಾಚಿಕೊಳ್ಳಲಿಲ್ಲ. ಅವರ ಧರ್ಮವನ್ನು ಒಪ್ಪದವರೂ ಅವರ ಪತ್ರಗಳನ್ನು, ಆತ್ಮನಿವೇದನೆಯನ್ನು, ಅಮೆರಿಕದ ಪ್ರವಾಸವನ್ನು ಕುರಿತ ಮರಾಠಿ ಗ್ರಂಥವನ್ನು ಓದಬಹುದು. ನಂಬಿಕೆಯುಳ್ಳ ಮನಸ್ಸು ಪ್ರಶ್ನೆ ಕೇಳುವುದನ್ನು ಬಿಡಬೇಕಾಗಿಲ್ಲವೆಂಬುದಕ್ಕೆ ಆ ಬರಹಗಳೇ ಸಾಕ್ಷಿ.